ಸ್ವಯಂ ಕಪ್ಪಾಗುವ ವೆಲ್ಡಿಂಗ್ ಹೆಲ್ಮೆಟ್: ಆಯ್ಕೆಯ ಮಾನದಂಡಗಳು

ವೆಲ್ಡಿಂಗ್ ಆರ್ಕ್ ಹೊತ್ತಿದ ಕ್ಷಣದಲ್ಲೇ ತಾನಾಗಿ ಕಪ್ಪಾಗಿ, ಆರ್ಕ್ ಆರಿದೊಡನೆ ಮತ್ತೆ ತಿಳಿಯಾಗುವ ಗಾಜನ್ನು ಅಳವಡಿಸಿದ ಮುಖರಕ್ಷಕ. ವರ್ಕ್‌ಶಾಪುಗಳ ಮಾತಿನಲ್ಲಿ ಆಟೋ ಡಾರ್ಕ್ ಹೆಲ್ಮೆಟ್. ಈ ಬಗೆಯ ಗಾಜನ್ನು 1981ರಲ್ಲಿ ಸ್ಪೀಡ್‌ಗ್ಲಾಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು ಸ್ವೀಡನ್ನಿನ ಹೋರ್ನೆಲ್ ಸಂಸ್ಥೆ. 2004ರಲ್ಲಿ ಆ ಸಂಸ್ಥೆ ಅಮೆರಿಕದ 3ಎಂ ಕಂಪನಿಗೆ ಸೇರಿತು. ಮೊದಮೊದಲು ದೊಡ್ಡ ಕಾರ್ಖಾನೆಗಳಿಗಷ್ಟೇ ನಿಲುಕುತ್ತಿದ್ದ ಈ ಸಾಧನ ಈಗ ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್‌ನಂಥ ಕೈಗಾರಿಕಾ ಪ್ರದೇಶಗಳನ್ನು ದಾಟಿ ತಾಲ್ಲೂಕು ಕೇಂದ್ರಗಳ ಗೇಟು-ಗ್ರಿಲ್ಲಿನ ಅಂಗಡಿಗಳವರೆಗೂ ಬಂದಿದೆ. ಬೆಲೆ ಒಂದೆರಡು ಸಾವಿರ ರೂಪಾಯಿಯಿಂದ ಹಲವು ಹತ್ತು ಸಾವಿರದವರೆಗೆ ಹರಡಿದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಕಪ್ಪಾಗುವ ವೇಗ, ಸೋಲಾರ್ ಎಂಬ ಮಾತು, ಹೊಂದಿಸುವ ಗುಂಡಿಗಳ ಸಂಖ್ಯೆ. ಕಣ್ಣಿನ ರಕ್ಷಣೆಯ ದೃಷ್ಟಿಯಿಂದ ಇವೆಲ್ಲ ಎರಡನೆಯ ಸಾಲಿನ ಗುಣಗಳು. ಯಾವ ಹೆಲ್ಮೆಟ್ಟೂ ಕಣ್ಣನ್ನು ಕಾಯುವುದು ಅದು ಮುಖದ ಮೇಲೆ ಇಳಿದಿರುವಷ್ಟು ಹೊತ್ತು ಮಾತ್ರ. ಆದ್ದರಿಂದ ಪರೀಕ್ಷಿತ ಗಾಜನ್ನು ಹೊಂದಿದ್ದು, ಮಾಡುವ ಕೆಲಸಕ್ಕೆ ಸರಿಹೊಂದಿ, ದಿನವಿಡೀ ಎತ್ತುವ ಮನಸ್ಸಾಗದಂತೆ ತೊಟ್ಟಿರಲು ಬರುವ ಹೆಲ್ಮೆಟ್ಟೇ ಒಳ್ಳೆಯ ಹೆಲ್ಮೆಟ್ಟು. ಉಳಿದ ಮಾನದಂಡಗಳನ್ನೆಲ್ಲ ಈ ಒಂದು ಮಾತಿನಿಂದಲೇ ಅಳೆಯಬೇಕು.

ಆರ್ಕ್‌ನ ಅಪಾಯ

ಆರ್ಕ್ ಹೊಮ್ಮಿಸುವ ವಿಕಿರಣದಲ್ಲಿ ತಕ್ಷಣದ ಹಾನಿ ಮಾಡುವುದು ಕಣ್ಣಿಗೆ ಕಾಣದ ಭಾಗ. 400 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ನೇರಳಾತೀತ ಕಿರಣಗಳು, ಅದರಲ್ಲೂ 315 ನ್ಯಾನೊಮೀಟರಿಗಿಂತ ಕೆಳಗಿನವು, ಕಾರ್ನಿಯಾದ ಹೊರಪದರದ ಜೀವಕೋಶಗಳನ್ನು ಸುಡುತ್ತವೆ. ಆ ಹೊತ್ತಿಗೆ ನೋವು ತಿಳಿಯುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ಎಷ್ಟೋ ಸಲ ನಡುರಾತ್ರಿಯಲ್ಲಿ, ಕಣ್ಣೊಳಗೆ ಮರಳು ಹೊಕ್ಕಂತಾಗಿ, ನೀರು ಸುರಿದು, ರೆಪ್ಪೆ ತೆರೆಯಲಾಗದ ಉರಿ ಶುರುವಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಒಂದೆರಡು ದಿನಗಳಲ್ಲಿ ಅದು ವಾಸಿಯಾಗುವುದರಿಂದ ವೆಲ್ಡರ್‌ಗಳು ಇದನ್ನು ಕಸುಬಿನ ಸಹಜ ಕಷ್ಟವೆಂದು ಒಪ್ಪಿಕೊಂಡುಬಿಟ್ಟಿದ್ದಾರೆ. ಹಾಲು ಬಿಡುವುದು, ಆಲೂಗಡ್ಡೆ ಹೋಳು ಕಟ್ಟುವುದು ಮುಂತಾದ ಉಪಚಾರಗಳು ರೂಢಿಯಲ್ಲಿವೆ. ಸುಟ್ಟ ಕಾರ್ನಿಯಾಕ್ಕೆ ಇವು ಸೋಂಕು ತರಬಲ್ಲವು. ಮರಗಟ್ಟಿಸುವ ಹನಿಗಳನ್ನು ತಾವೇ ಕೊಂಡು ಬಿಟ್ಟುಕೊಳ್ಳುವುದೂ ಗಾಯ ಮಾಯುವುದನ್ನು ತಡಮಾಡುತ್ತದೆ. ಕಾಣುವ ಬೆಳಕಿನ ನೀಲಿ ಭಾಗ ಕಾರ್ನಿಯಾವನ್ನೂ ಮಸೂರವನ್ನೂ ದಾಟಿ ಅಕ್ಷಿಪಟಲಕ್ಕೆ ತಲುಪುತ್ತದೆ. ಅಲ್ಲಿ ಆಗುವ ಹಾನಿ ಹಾಗೆ ಎರಡು ದಿನದಲ್ಲಿ ಮಾಯುವಂಥದಲ್ಲ. ಅವಕೆಂಪು ಕಿರಣಗಳು ಶಾಖವಾಗಿ ಮಸೂರವನ್ನು ಸೇರುತ್ತವೆ. ಗಾಜಿನ ಕುಲುಮೆಗಳ ಮುಂದೆ ದುಡಿದವರಲ್ಲಿ ಕಂಡುಬಂದ ಕಣ್ಣಿನ ಪೊರೆಗೆ ಇದೇ ಕಾರಣವೆಂದು ಗುರುತಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್‌ನಿಂದ ಹೊಮ್ಮುವ ನೇರಳಾತೀತ ವಿಕಿರಣವನ್ನೂ ವೆಲ್ಡಿಂಗ್ ಹೊಗೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಹೀಗೆ ಅಪಾಯ ಒಂದೇ ರಾತ್ರಿಯ ಉರಿಗೆ ಸೀಮಿತವಲ್ಲ; ವರ್ಷಗಟ್ಟಲೆ ಸಣ್ಣಸಣ್ಣ ಪ್ರಮಾಣದಲ್ಲಿ ಕೂಡುತ್ತ ಹೋಗುವಂಥದು.

ರಚನೆ ಮತ್ತು ಕಾರ್ಯವಿಧಾನ

ಆಟೋ ಡಾರ್ಕ್ ಗಾಜು ಒಂದೇ ಗಾಜಲ್ಲ, ಹಲವು ಪದರಗಳ ಜೋಡಣೆ. ಎಲ್ಲಕ್ಕೂ ಹೊರಗೆ ಕಿಡಿ ತಡೆಯುವ, ಬದಲಾಯಿಸಬಹುದಾದ ಪಾಲಿಕಾರ್ಬೊನೇಟ್ ಹಾಳೆ. ಅದರ ಹಿಂದೆ ಲೋಹ ಮತ್ತು ಆಕ್ಸೈಡುಗಳ ಅತಿ ತೆಳುವಾದ ಲೇಪಗಳಿರುವ ಗಾಜು. ನೇರಳಾತೀತ ಮತ್ತು ಅವಕೆಂಪು ಕಿರಣಗಳನ್ನು ತಡೆಯುವುದು ಇದೇ. ಈ ಲೇಪಕ್ಕೆ ಬ್ಯಾಟರಿ ಬೇಕಿಲ್ಲ, ಸಂವೇದಕ ಬೇಕಿಲ್ಲ. ಗಾಜು ತಿಳಿಯಾಗಿದ್ದರೂ ಕಪ್ಪಾಗಿದ್ದರೂ, ಯಂತ್ರಾಂಗ ಕೆಟ್ಟು ನಿಂತಿದ್ದರೂ ಅದರ ತಡೆ ಹಾಗೆಯೇ ಇರುತ್ತದೆ. ಇದರ ಹಿಂದೆ ಧ್ರುವಕ ಹಾಳೆಗಳ ನಡುವೆ ದ್ರವಸ್ಫಟಿಕದ ಕೋಶಗಳಿರುತ್ತವೆ. 1970ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಾರ್ಟಿನ್ ಷಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್‌ಫ್ರಿಷ್ ರೂಪಿಸಿದ, ಡಿಜಿಟಲ್ ಗಡಿಯಾರಗಳ ಮುಖದಲ್ಲೂ ಬಳಕೆಯಾದ ತಿರುಚು ದ್ರವಸ್ಫಟಿಕದ ತತ್ತ್ವವೇ ಇಲ್ಲಿಯದು. ಕೋಶಕ್ಕೆ ವಿದ್ಯುತ್ತಿಲ್ಲದಾಗ ಅದರ ಅಣುಗಳ ತಿರುಚು ಸಾಲು ಬೆಳಕಿನ ಕಂಪನದ ದಿಕ್ಕನ್ನು ಒಂದು ಲಂಬಕೋನದಷ್ಟು ತಿರುಗಿಸುತ್ತದೆ, ಬೆಳಕು ಎರಡನೆಯ ಧ್ರುವಕವನ್ನು ದಾಟುತ್ತದೆ. ವಿದ್ಯುತ್ ಬಂದೊಡನೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ತಿರುಗುವಿಕೆ ಇಲ್ಲವಾಗುತ್ತದೆ, ಬೆಳಕು ಅಲ್ಲೇ ತಡೆಯಲ್ಪಡುತ್ತದೆ. ಒಂದು ಕೋಶದಿಂದ ಬೇಕಾದಷ್ಟು ಗಾಢತೆ ಬಾರದ್ದರಿಂದ ಎರಡನ್ನು ಒಂದರ ಹಿಂದೊಂದು ಜೋಡಿಸುತ್ತಾರೆ. ಮುಂಭಾಗದ ಬೆಳಕಿನ ಸಂವೇದಕಗಳು ಆರ್ಕನ್ನು ಗುರುತಿಸಿ ಈ ವಿದ್ಯುತ್ತನ್ನು ಹಾಯಿಸುತ್ತವೆ.

ಈ ರಚನೆಯಿಂದ ಎರಡು ನಿರ್ಣಾಯಕ ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಕಪ್ಪಾಗುವುದು ವಿದ್ಯುತ್ತಿನ ಬಲದಿಂದ, ತಿಳಿಯಾಗುವುದು ಅಣುಗಳು ತಾವಾಗಿ ಮೊದಲಿನ ಸಾಲಿಗೆ ಮರಳುವುದರಿಂದ. ಹಾಗಾಗಿಯೇ ಕಪ್ಪಾಗಲು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಸಾಕು, ತಿಳಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಚಳಿಯಲ್ಲಿ ದ್ರವಸ್ಫಟಿಕ ಮಂದವಾಗುವುದರಿಂದ ಎರಡೂ ನಿಧಾನವಾಗುತ್ತವೆ. ತಯಾರಕರು ಸಾಮಾನ್ಯವಾಗಿ ಸೊನ್ನೆಗಿಂತ 5 ಡಿಗ್ರಿ ಕೆಳಗಿನಿಂದ 55 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯನ್ನು ಬಳಕೆಯ ಮಿತಿಯಾಗಿ ಕೊಡುತ್ತಾರೆ. ನಮ್ಮ ನಾಡಿನಲ್ಲಿ ಕೆಳಗಿನ ಮಿತಿಯ ಚಿಂತೆಯಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗೆ, ಬಿಸಿಲಿಗೆ ನಿಂತ ವಾಹನದೊಳಗೆ, ಮೇಲಿನ ಮಿತಿಯನ್ನು ಮರೆಯಬಾರದು. ಎರಡನೆಯದು, ವಿದ್ಯುತ್ ಕೈಕೊಟ್ಟರೆ ಇಂಥ ಗಾಜು ತಿಳಿ ಸ್ಥಿತಿಯಲ್ಲೇ ಉಳಿಯುತ್ತದೆ. ಆಗ ಕಣ್ಣು ಕೋರೈಸುತ್ತದೆ, ನೀಲಿ ಬೆಳಕು ಒಳಬರುತ್ತದೆ. ಆದರೆ ಕಾರ್ನಿಯಾ ಸುಡುವ ನೇರಳಾತೀತ ಕಿರಣ ಮಾತ್ರ ಲೇಪದಲ್ಲೇ ನಿಲ್ಲುತ್ತದೆ. ಆದ್ದರಿಂದ ಹೆಲ್ಮೆಟ್ಟಿನ ರಕ್ಷಣೆಯ ಅಡಿಪಾಯ ಕಪ್ಪಾಗುವ ಕೋಶದಲ್ಲಿಲ್ಲ, ಕಾಣದ ಲೇಪದಲ್ಲಿದೆ. ಲೇಪ ಸರಿಯಿದೆಯೇ ಎಂಬುದನ್ನು ಅಂಗಡಿಯಲ್ಲಿ ಕಣ್ಣಿನಿಂದ ನೋಡಿ ತಿಳಿಯಲಾಗದು. ಬಿಸಿಲಿಗೆ ಹಿಡಿದೋ ಲೈಟರ್ ಕಿಡಿ ತೋರಿಸಿಯೋ ಗಾಜು ಕಪ್ಪಾಗುವುದನ್ನು ಪರೀಕ್ಷಿಸುವ ರೂಢಿ ಸಂವೇದಕ ಬದುಕಿದೆ ಎಂಬುದನ್ನಷ್ಟೇ ಹೇಳುತ್ತದೆ. ಲೇಪದ ಬಗ್ಗೆ ಏನನ್ನೂ ಹೇಳುವುದಿಲ್ಲ. ಪ್ರಯೋಗಾಲಯದ ಪರೀಕ್ಷೆ ಮತ್ತು ಮಾನಕದ ಗುರುತು ಬೇಕಾಗುವುದು ಇದಕ್ಕೇ.

ವೇಗದ ಪ್ರಶ್ನೆ

ಹೊಸದಾಗಿ ಕೊಳ್ಳುವವರ ಮೊದಲ ಆತಂಕ ಗಾಜು ಕಪ್ಪಾಗುವಷ್ಟರಲ್ಲಿ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದಿಲ್ಲವೇ ಎಂಬುದು. ಜಾಹೀರಾತುಗಳು ಈ ಆತಂಕವನ್ನೇ ಹಿಡಿದು ಸೆಕೆಂಡಿನ 3,600ನೇ ಒಂದು ಪಾಲು, 25,000ನೇ ಒಂದು ಪಾಲು ಎಂದು ಪೈಪೋಟಿ ನಡೆಸುತ್ತವೆ. ಒಂದು ಸ್ಥೂಲ ಲೆಕ್ಕ ಈ ಪೈಪೋಟಿಯ ಬೆಲೆಯನ್ನು ತೋರಿಸುತ್ತದೆ. ದಿನಕ್ಕೆ 500 ಸಲ ಆರ್ಕ್ ಹೊತ್ತಿಸುವ ವೆಲ್ಡರ್ ನಿಧಾನದ ಹೆಲ್ಮೆಟ್ಟನ್ನೇ ತೊಟ್ಟಿದ್ದಾನೆ ಎನ್ನೋಣ. ಗಾಜು ಕಪ್ಪಾಗುವ ಮೊದಲಿನ ಅವಧಿಗಳೆಲ್ಲ ಕೂಡಿದರೆ ಇಡೀ ದಿನಕ್ಕೆ 0.14 ಸೆಕೆಂಡು. ಆಗಲೂ ಗಾಜು ಬರಿದಾಗಿರುವುದಿಲ್ಲ; 4ನೇ ಷೇಡಿನ (ಷೇಡ್ ಎಂದರೆ ಗಾಢತೆಯ ಅಳತೆ) ತಿಳಿ ಸ್ಥಿತಿಯಲ್ಲಿ ಕಾಣುವ ಬೆಳಕಿನ ಸುಮಾರು ಶೇ. 5ರಷ್ಟನ್ನು ಮಾತ್ರ ಒಳಬಿಡುತ್ತದೆ. ಅಂದರೆ ಕಣ್ಣಿಗೆ ತಲುಪುವುದು ಬರಿಗಣ್ಣಿನಲ್ಲಿ 0.007 ಸೆಕೆಂಡು ಆರ್ಕ್ ನೋಡಿದಷ್ಟು ಬೆಳಕು. ಇನ್ನೊಂದು ಕಡೆ, ಹೆಲ್ಮೆಟ್ ಎತ್ತಿಕೊಂಡಿದ್ದಾಗ ಒಂದೇ ಒಂದು ಸಲ ಆರ್ಕ್ ಕಣ್ಣಿಗೆ ಬಿತ್ತೆನ್ನೋಣ. ಪ್ರಖರ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳಲು ಬೇಕಾದ ಕಾಲವೆಂದು ಲೇಸರ್ ಸುರಕ್ಷತೆಯ ಮಾನಕಗಳು ಹಿಡಿಯುವುದು 0.25 ಸೆಕೆಂಡು. ಆ ಒಂದು ಫ್ಲ್ಯಾಶ್, ನಿಧಾನದ ಹೆಲ್ಮೆಟ್ಟಿನ ಇಡೀ ದಿನದ ಸೋರಿಕೆಯ ಮೂವತ್ತಕ್ಕೂ ಹೆಚ್ಚು ಪಟ್ಟು. ಅದರಲ್ಲಿ ನೇರಳಾತೀತ ಕಿರಣವೂ ಪೂರ್ತಿ ಸೇರಿರುತ್ತದೆ, ಹೆಲ್ಮೆಟ್ಟಿನ ಸೋರಿಕೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸಿಒ2 ವೆಲ್ಡಿಂಗ್‌ನ ಆರ್ಕನ್ನು ಬರಿಗಣ್ಣಿನಲ್ಲಿ ನೋಡಿದರೆ ನೀಲಿ ಬೆಳಕಿಗೆ ನಿಗದಿಪಡಿಸಿದ ದಿನದ ಮಿತಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ ಎಂಬುದು ಜಪಾನಿನಲ್ಲಿ ನಡೆದ ಅಳತೆಗಳಿಂದ ತಿಳಿದಿದೆ. ವೇಗ ಪೂರ್ತಿ ನಿರರ್ಥಕವೆಂದಲ್ಲ. ಬೇಗ ಕಪ್ಪಾಗುವ ಗಾಜಿನಿಂದ ಸಂಜೆಯ ಹೊತ್ತಿಗೆ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ, ಸಾವಿರಾರು ಟ್ಯಾಕ್ (ಭಾಗಗಳನ್ನು ಹಿಡಿದಿಡುವ ಚಿಕ್ಕ ಬೆಸುಗೆ) ಹಾಕುವವರಿಗೆ ಅದು ಗೊತ್ತಾಗುತ್ತದೆ. ಆದರೆ ಮಾನಕ ದಾಟಿದ ಎರಡು ಹೆಲ್ಮೆಟ್ಟುಗಳ ನಡುವೆ ವೇಗದ ಅಂಕಿಯನ್ನೇ ನೋಡಿ ಹಣ ಸುರಿಯುವುದು ಸರಿಯಾದ ಲೆಕ್ಕವಲ್ಲ.

ಷೇಡ್ ಸಂಖ್ಯೆ

ಗಾಜಿನ ಗಾಢತೆಯನ್ನು ಹೇಳುವ ಷೇಡ್ ಸಂಖ್ಯೆ ಲಾಗರಿದಮ್ ಕ್ರಮದಲ್ಲಿ ಏರುತ್ತದೆ. ಒಂದು ಅಂಕಿ ಏರಿದರೆ ಒಳಬರುವ ಬೆಳಕು ಹಿಂದಿನದರ ಶೇ. 37ಕ್ಕೆ ಇಳಿಯುತ್ತದೆ. 3ನೇ ಷೇಡ್ ಸುಮಾರು ಶೇ. 14ರಷ್ಟು ಬೆಳಕನ್ನು ಬಿಟ್ಟರೆ 10ನೆಯದು ಶೇ. 0.014ರಷ್ಟನ್ನು, 13ನೆಯದು ಶೇ. 0.0007ರಷ್ಟನ್ನು ಮಾತ್ರ ಬಿಡುತ್ತದೆ. ಎಷ್ಟು ಷೇಡ್ ಬೇಕೆಂಬುದು ವೆಲ್ಡಿಂಗ್‌ನ ಬಗೆ ಮತ್ತು ಆಂಪಿಯರ್ ಮೇಲೆ ನಿಲ್ಲುತ್ತದೆ. ಅಮೆರಿಕದ ವೃತ್ತಿ ಸುರಕ್ಷತಾ ಆಡಳಿತವಾದ ಓಷಾ ಕೊಡುವ ಪಟ್ಟಿಯ ಪ್ರಕಾರ ರಾಡ್ ವೆಲ್ಡಿಂಗ್‌ಗೆ 60ರಿಂದ 160 ಆಂಪಿಯರ್‌ವರೆಗೆ ಕನಿಷ್ಠ 8, 160ರಿಂದ 250ರವರೆಗೆ ಕನಿಷ್ಠ 10, ಅದಕ್ಕೂ ಮೇಲೆ 550ರವರೆಗೆ ಕನಿಷ್ಠ 11. ಕಣ್ಣಿಗೆ ಹಿತವಾಗಿರಲೆಂದು ಸೂಚಿಸುವ ಷೇಡುಗಳು ಇದಕ್ಕಿಂತ ಎರಡು ಮೂರು ಅಂಕಿ ಹೆಚ್ಚು: ಕ್ರಮವಾಗಿ 10, 12, 14. ಮಿಗ್ ಮತ್ತು ಸಿಒ2 ವೆಲ್ಡಿಂಗ್‌ಗೆ 60 ಆಂಪಿಯರ್ ದಾಟಿದರೆ ಕನಿಷ್ಠ 10. ಟಿಗ್ ವೆಲ್ಡಿಂಗ್‌ಗೆ 150 ಆಂಪಿಯರ್‌ವರೆಗೆ ಕನಿಷ್ಠ 8, ಮೇಲೆ 10. ಮೊದಲು ಹೆಚ್ಚು ಕಪ್ಪಿನಿಂದ ತೊಡಗಿ, ಕರಗಿದ ಲೋಹದ ಕೆರೆ ಚೆನ್ನಾಗಿ ಕಾಣುವವರೆಗೆ ಒಂದೊಂದೇ ಅಂಕಿ ಇಳಿಸುತ್ತ ಬಂದು, ಕನಿಷ್ಠ ಮಿತಿಗಿಂತ ಕೆಳಗೆ ಹೋಗದಿರುವುದು ಸರಿಯಾದ ಕ್ರಮ. ಗೇಟು, ಗ್ರಿಲ್ಲು, ಶೆಡ್ಡಿನ ಕೆಲಸದಲ್ಲಿ ಬಳಕೆಯಾಗುವ 2.5 ಮತ್ತು 3.15 ಮಿಲಿಮೀಟರ್ ರಾಡುಗಳು ಸಾಮಾನ್ಯವಾಗಿ 60ರಿಂದ 130 ಆಂಪಿಯರ್ ಒಳಗೆ ನಡೆಯುವುದರಿಂದ 9ರಿಂದ 13ರವರೆಗೆ ಹೊಂದಿಸಬಹುದಾದ ಹೆಲ್ಮೆಟ್ ಅಲ್ಲಿಗೆ ಧಾರಾಳ. ಗ್ಯಾಸ್ ಕಟಿಂಗ್ ಮತ್ತು ಬ್ರೇಜಿಂಗ್ ಸಹ ಮಾಡುವವರಿಗೆ 5ರಿಂದ 8ರ ಷೇಡುಗಳೂ ಇರುವ ಮಾದರಿ ಬೇಕು. ಸಂವೇದಕಗಳು ಗ್ಯಾಸ್ ಜ್ವಾಲೆಗೆ ಪ್ರತಿಕ್ರಿಯಿಸಲೇಬೇಕೆಂದಿಲ್ಲ, ಆದ್ದರಿಂದ ಅಂಥ ಕೆಲಸಕ್ಕೆ ಷೇಡ್ ಸ್ಥಿರವಾಗಿ ನಿಲ್ಲುವ ವ್ಯವಸ್ಥೆ ಇದೆಯೇ ಎಂದು ಕೈಪಿಡಿಯಲ್ಲಿ ನೋಡಬೇಕು.

ಗಾಢತೆಯ ಅಂಕಿಗೆ ಕೊಡುವ ಗಮನವನ್ನು ಕೊಳ್ಳುವವರು ತಿಳಿ ಸ್ಥಿತಿಯ ಅಂಕಿಗೆ ಕೊಡುವುದಿಲ್ಲ. ಮುಖದ ಮೇಲೆ ಹೆಲ್ಮೆಟ್ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮಾತ್ರ ಇದೇ ಅಂಕಿ. 4ನೇ ಷೇಡಿನ ತಿಳಿ ಸ್ಥಿತಿಯಿಂದ 3ಕ್ಕೆ ಬಂದರೆ ಒಳಬರುವ ಬೆಳಕು ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಕೆಲವು ಹೊಸ ಮಾದರಿಗಳಲ್ಲಿ ಅದು 2.5ಕ್ಕೆ, 2ಕ್ಕೆ ಇಳಿದಿದೆ. ಮಂದ ಬೆಳಕಿನ ಶೆಡ್ಡಿನಲ್ಲಿ 4ನೇ ಷೇಡಿನೊಳಗಿಂದ ಗೆರೆ ಹಾಕಿದ ಗುರುತು ಕಾಣದಿದ್ದರೆ ವೆಲ್ಡರ್ ಹೆಲ್ಮೆಟ್ ಎತ್ತುತ್ತಾನೆ, ಎತ್ತಿಕೊಂಡೇ ಒಂದು ಟ್ಯಾಕ್ ಹಾಕುವ ಆಸೆಗೆ ಬೀಳುತ್ತಾನೆ. ಬಣ್ಣದ ವಿಚಾರವೂ ಹೀಗೆಯೇ. ಹಳೆಯ ಗಾಜುಗಳು ಎಲ್ಲವನ್ನೂ ಹಸಿರಾಗಿಸಿ ತೋರಿಸುತ್ತವೆ. ಸಹಜ ಬಣ್ಣಕ್ಕೆ ಹತ್ತಿರವಾದ ಗಾಜಿನಲ್ಲಿ ಕಿಟ್ಟವನ್ನೂ ಕರಗಿದ ಲೋಹವನ್ನೂ ಬೇರ್ಪಡಿಸಿ ನೋಡುವುದು ಸುಲಭ. ಕೆಲಸ ಕಂಡರೆ ಹೆಲ್ಮೆಟ್ ಎತ್ತುವ ಕಾರಣ ಉಳಿಯುವುದಿಲ್ಲ. ಹಣ ಹೆಚ್ಚು ಹಾಕುವುದಾದರೆ ಇಲ್ಲಿ ಹಾಕುವುದು ಸಾರ್ಥಕ.

ಸಂವೇದಕಗಳು ಮತ್ತು ಹೊಂದಾಣಿಕೆಗಳು

ಗಾಜು ಎಷ್ಟು ವೇಗದ್ದಾದರೂ ಆರ್ಕ್ ಹೊತ್ತಿದ್ದು ಅದಕ್ಕೆ ತಿಳಿಯದಿದ್ದರೆ ಪ್ರಯೋಜನವಿಲ್ಲ. ಅಗ್ಗದ ಮಾದರಿಗಳಲ್ಲಿ ಎರಡು, ದುಬಾರಿಯವುಗಳಲ್ಲಿ ನಾಲ್ಕು ಸಂವೇದಕಗಳಿರುತ್ತವೆ. ತೆರೆದ ಮೇಜಿನ ಮೇಲೆ ನೇರ ಕೆಲಸ ಮಾಡುವವರಿಗೆ ಎರಡು ಸಾಕು. ಪೈಪಿನ ಸುತ್ತ, ಚೌಕಟ್ಟಿನ ಒಳಮೂಲೆಯಲ್ಲಿ, ಕೈಯೋ ಟಾರ್ಚೋ ಆರ್ಕನ್ನು ಮರೆಮಾಡುವ ಭಂಗಿಗಳಲ್ಲಿ ಕೆಲಸ ಮಾಡುವವರಿಗೆ ಎರಡೂ ಒಮ್ಮೆಲೇ ಮುಚ್ಚಿಹೋಗಬಹುದು. ಅವರಿಗೆ ನಾಲ್ಕು ಬೇಕು. ಕಡಿಮೆ ಆಂಪಿಯರಿನ ಟಿಗ್ ವೆಲ್ಡಿಂಗ್ ಇನ್ನೂ ಕಠಿಣ ಪರೀಕ್ಷೆ. ಸ್ಟೇನ್‌ಲೆಸ್ ಸ್ಟೀಲಿನ ಕೈಹಿಡಿ, ತೆಳುವಾದ ತಗಡು ಇವುಗಳ ಮೇಲಿನ ಆರ್ಕ್ ಮೃದು, ಸ್ಥಿರ. ರಾಡ್ ವೆಲ್ಡಿಂಗ್‌ನ ಮಿನುಗು ಅದರಲ್ಲಿಲ್ಲ. ದುರ್ಬಲ ಸಂವೇದಕ ಇದನ್ನು ಗುರುತಿಸಲಾರದೆ ನಡುವೆಯೇ ತಿಳಿಯಾಗಿಬಿಡುತ್ತದೆ. ಟಿಗ್ ಕೆಲಸಕ್ಕೆ ಕೊಳ್ಳುವವರು ಎಷ್ಟು ಕಡಿಮೆ ಆಂಪಿಯರ್‌ವರೆಗಿನ ಆರ್ಕನ್ನು ಹೆಲ್ಮೆಟ್ ಗುರುತಿಸುತ್ತದೆ ಎಂಬ ಅಂಕಿಯನ್ನು ಕೇಳಲೇಬೇಕು. ಆ ಅಂಕಿಯನ್ನು ಕೊಡದ ಮಾದರಿ ಅವರಿಗಲ್ಲ. ಇದಕ್ಕೆ ವಿರುದ್ಧವಾದ ತೊಂದರೆ ಬಯಲಿನ ಕೆಲಸದ್ದು. ಬಿಸಿಲು ಸಂವೇದಕಕ್ಕೆ ನೇರ ತಾಗಿದರೆ ಆರ್ಕ್ ಇಲ್ಲದಿದ್ದರೂ ಗಾಜು ಕಪ್ಪಾಗಬಹುದು. ಪಕ್ಕದಲ್ಲಿ ಇನ್ನೊಬ್ಬರು ವೆಲ್ಡಿಂಗ್ ಮಾಡುತ್ತಿದ್ದರೂ ಹೀಗಾಗುತ್ತದೆ. ಇದಕ್ಕಾಗಿ ಸೂಕ್ಷ್ಮತೆಯನ್ನು ಹೊಂದಿಸುವ ಗುಂಡಿ ಇರಬೇಕು. ಕೆಲವು ಮಾದರಿಗಳು ಬೆಳಕಿನ ಬದಲು ವೆಲ್ಡಿಂಗ್ ವಿದ್ಯುತ್ತಿನ ಕಾಂತಕ್ಷೇತ್ರವನ್ನು ಗುರುತಿಸುವ ವ್ಯವಸ್ಥೆಯನ್ನೂ ಸೇರಿಸಿಕೊಂಡಿವೆ. ಆರ್ಕ್ ಆರಿದ ಮೇಲೆ ಎಷ್ಟು ಹೊತ್ತು ಕಪ್ಪಾಗಿ ಉಳಿಯಬೇಕೆಂಬುದನ್ನು ಸಾಮಾನ್ಯವಾಗಿ 0.1ರಿಂದ 1 ಸೆಕೆಂಡಿನವರೆಗೆ ಹೊಂದಿಸಬಹುದು: ಟ್ಯಾಕ್ ಹಾಕುವಾಗ ಕಡಿಮೆ, ಹೆಚ್ಚು ಆಂಪಿಯರಿನ ಕೆಲಸದಲ್ಲಿ ಕೆಂಪಗೆ ಕಾದ ಲೋಹ ತಣಿಯುವವರೆಗೆ ಹೆಚ್ಚು. ಗ್ರೈಂಡಿಂಗ್ ಸ್ಥಿತಿಯಲ್ಲಿ ಗಾಜು ಕಪ್ಪಾಗದಂತೆ ನಿಲ್ಲುತ್ತದೆ. ಕಿಡಿಯಿಂದ ಮುಖ ಕಾಯಲು ಇದು ಉಪಯುಕ್ತ. ಆದರೆ ಅದನ್ನು ಮರಳಿ ವೆಲ್ಡಿಂಗ್ ಸ್ಥಿತಿಗೆ ತಿರುಗಿಸಲು ಮರೆತರೆ ಆರ್ಕ್ ಹೊತ್ತಿದಾಗಲೂ ಗಾಜು ತಿಳಿಯಾಗಿಯೇ ಇರುತ್ತದೆ. ಎಚ್ಚರಿಕೆಯ ದೀಪವಿರುವ, ಅಥವಾ ಗುಂಡಿ ಹೊರಗಡೆ ಕೈಗೆ ಸಿಗುವ ಮಾದರಿಯನ್ನು ಆರಿಸಬೇಕಾದ್ದು ಈ ಕಾರಣಕ್ಕೆ.

ಗಾಜಿನ ಗುಣ ಮತ್ತು ಮಾನಕಗಳು

ಯುರೋಪಿನ ಇಎನ್ 379 ಮಾನಕ ಆಟೋ ಡಾರ್ಕ್ ಗಾಜಿನ ಗುಣವನ್ನು ನಾಲ್ಕು ಅಂಕಿಗಳಲ್ಲಿ ಬರೆಯುವ ಪದ್ಧತಿ ತಂದಿತು. 1 ಅತ್ಯುತ್ತಮ, 3 ಕನಿಷ್ಠ. ಮೊದಲನೆಯ ಅಂಕಿ ನೋಟ ಎಷ್ಟು ಸೊಟ್ಟಾಗುತ್ತದೆ ಎಂಬುದನ್ನು, ಎರಡನೆಯದು ಬೆಳಕು ಎಷ್ಟು ಚದುರಿ ಮಬ್ಬು ಮೂಡಿಸುತ್ತದೆ ಎಂಬುದನ್ನು, ಮೂರನೆಯದು ಗಾಜಿನ ಉದ್ದಗಲಕ್ಕೂ ಗಾಢತೆ ಎಷ್ಟು ಸಮನಾಗಿದೆ ಎಂಬುದನ್ನು, ನಾಲ್ಕನೆಯದು ಓರೆಯಾಗಿ ನೋಡಿದಾಗ ಗಾಢತೆ ಎಷ್ಟು ಬದಲಾಗುತ್ತದೆ ಎಂಬುದನ್ನು ಹೇಳುತ್ತವೆ. ದ್ರವಸ್ಫಟಿಕದ ಸ್ವಭಾವದಿಂದಲೇ ಓರೆ ನೋಟದಲ್ಲಿ ಷೇಡ್ ಏರುಪೇರಾಗುವುದರಿಂದ ನಾಲ್ಕನೆಯ ಅಂಕಿ ಹೆಚ್ಚು ಬೆಲೆಯುಳ್ಳದ್ದು. ತಲೆಯ ಮೇಲಿನ ಬೆಸುಗೆ, ಪೈಪಿನ ಅಡಿಭಾಗದ ಬೆಸುಗೆ ಹಾಕುವವರು ಗಾಜಿನ ನಟ್ಟನಡುವಿನಿಂದ ನೋಡುವುದೇ ಅಪರೂಪ. 1/1/1/1 ಎಂಬ ಗುರುತು ಎಲ್ಲದರಲ್ಲೂ ಉತ್ತಮವೆಂಬುದನ್ನು, 1/2/1/2ರಂಥ ಗುರುತು ದೈನಂದಿನ ಕೆಲಸಕ್ಕೆ ಯೋಗ್ಯವೆಂಬುದನ್ನು ಸೂಚಿಸುತ್ತದೆ. 2021ರಲ್ಲಿ ಐಎಸ್‌ಒ 16321 ಸರಣಿಯ ಅಂತರರಾಷ್ಟ್ರೀಯ ಮಾನಕಗಳು ಪ್ರಕಟವಾದ ಮೇಲೆ ಯುರೋಪು ಅದರತ್ತ ಹೊರಳಿದೆ, ಆದರೂ ಹಳೆಯ ಗುರುತು ಅಂಗಡಿಗಳಲ್ಲಿ ಇನ್ನೂ ಕಾಣುತ್ತದೆ. ಅಮೆರಿಕದ ಮಾನಕ ಎಎನ್‌ಎಸ್‌ಐ ಝಡ್87.1; ಅದರ ಗುರುತಿನಲ್ಲಿ ಅಧಿಕ ಚಿಹ್ನೆ ಇದ್ದರೆ ಜೋರಾದ ಪೆಟ್ಟನ್ನು ತಡೆಯುವ ಪರೀಕ್ಷೆಯನ್ನೂ ದಾಟಿದೆ ಎಂದರ್ಥ. ಭಾರತದಲ್ಲಿ ವೆಲ್ಡಿಂಗ್‌ನ ಕಣ್ಣು ಮತ್ತು ಮುಖದ ರಕ್ಷಣೆಗೆ ಐಎಸ್ 1179 ಎಂಬ ಮಾನಕವಿದೆ. ಅದು 1967ರದ್ದು, ಆಟೋ ಡಾರ್ಕ್ ಗಾಜು ಹುಟ್ಟುವುದಕ್ಕೂ ಮೊದಲಿನದು. ಆದ್ದರಿಂದ ಈ ಗಾಜಿನ ವಿಷಯದಲ್ಲಿ ನಮ್ಮ ಕೊಳ್ಳುಗರು ಯುರೋಪು, ಅಮೆರಿಕದ ಗುರುತುಗಳನ್ನೇ ನೆಚ್ಚಬೇಕಾಗಿದೆ. ಗುರುತನ್ನು ಮುದ್ರಿಸುವುದು ಯಾರಿಗೂ ಕಷ್ಟವಲ್ಲ. ಗುರುತು ಪೆಟ್ಟಿಗೆಯ ಮೇಲಲ್ಲದೆ ಗಾಜಿನ ಚೌಕಟ್ಟಿನ ಮೇಲೂ ಇದೆಯೇ, ತಯಾರಕರ ಹೆಸರು ಮತ್ತು ವಿಳಾಸ ಸ್ಪಷ್ಟವಾಗಿದೆಯೇ, ಪರೀಕ್ಷಾ ಪ್ರಮಾಣಪತ್ರ ಕೇಳಿದರೆ ಸಿಗುತ್ತದೆಯೇ ಎಂದು ನೋಡಬೇಕು. ಹೆಸರಿಲ್ಲದ ಗಾಜಿನಲ್ಲಿ ಲೇಪವಿದೆಯೆಂದು ನಂಬಲು ಯಾವ ಆಧಾರವೂ ಇಲ್ಲ.

ವಿದ್ಯುತ್ ಮೂಲ, ತೂಕ, ತಲೆಪಟ್ಟಿ

ಸೋಲಾರ್ ಎಂದು ಬರೆದ ಹೆಲ್ಮೆಟ್ಟುಗಳಲ್ಲಿ ಹೆಚ್ಚಿನವು ಸೌರಕೋಶದ ಜೊತೆಗೆ ಲಿಥಿಯಂ ಬ್ಯಾಟರಿಯನ್ನೂ ಬಳಸುತ್ತವೆ. ಆ ಬ್ಯಾಟರಿಯನ್ನು ಬದಲಾಯಿಸಲು ಬರುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಸಿಆರ್2032, ಸಿಆರ್2450ಯಂಥ ಬಿಲ್ಲೆ ಬ್ಯಾಟರಿ ಹಾಕುವ ಕಿಂಡಿ ಇದ್ದರೆ ಅದು ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಟರಿಯನ್ನು ಒಳಗೇ ಮುಚ್ಚಿಟ್ಟ ಮಾದರಿಯಲ್ಲಿ ಅದು ಸತ್ತ ದಿನ ಇಡೀ ಗಾಜು ಕಸ. ಅಗ್ಗವೆಂದು ಕೊಂಡದ್ದು ಹೀಗೆ ದುಬಾರಿಯಾಗುತ್ತದೆ. ತೂಕದ ವಿಚಾರದಲ್ಲಿ ಹೆಚ್ಚಿನ ಹೆಲ್ಮೆಟ್ಟುಗಳು ಅರ್ಧ ಕಿಲೋದ ಆಸುಪಾಸಿನಲ್ಲಿರುತ್ತವೆ; ನೂರು ಗ್ರಾಂ ಹೆಚ್ಚಾದರೂ ಮುಖದ ಮುಂದೆ ತೂಗುವುದರಿಂದ ಕತ್ತಿನ ಮೇಲೆ ಹೊರೆ ಬೀಳುತ್ತದೆ. ಆ ಹೊರೆಯನ್ನು ಹಂಚುವುದು ತಲೆಪಟ್ಟಿ. ನೆತ್ತಿಯ ಮೇಲೆ ಅಡ್ಡಪಟ್ಟಿ, ಹಿಂದೆ ಬಿಗಿಮಾಡುವ ತಿರುಗುಗುಂಡಿ, ಕಣ್ಣಿಗೂ ಗಾಜಿಗೂ ನಡುವಿನ ಅಂತರವನ್ನು ಹೊಂದಿಸುವ ವ್ಯವಸ್ಥೆ, ಬದಲಾಯಿಸಬಹುದಾದ ಬೆವರುಪಟ್ಟಿ ಇರಬೇಕು. ಕನ್ನಡಕ ಧರಿಸುವವರು ಕನ್ನಡಕದೊಂದಿಗೇ ತೊಟ್ಟು ನೋಡಬೇಕು. ಹತ್ತಿರದ ದೃಷ್ಟಿ ಕುಂದಿದವರು ಒಳಗೆ ಭೂತಗಾಜು ಸಿಕ್ಕಿಸುವ ಸೌಕರ್ಯವಿದೆಯೇ ಎಂದು ನೋಡಬೇಕು. ನಮ್ಮ ಸೆಕೆಯಲ್ಲಿ ಬೆವರು ಹಣೆಯಿಂದ ಕಣ್ಣಿಗೆ ಇಳಿಯುವ ಹೆಲ್ಮೆಟ್ಟನ್ನು ಯಾರೂ ಹೆಚ್ಚು ಹೊತ್ತು ತೊಟ್ಟಿರಲಾರರು. ಸೌಕರ್ಯವನ್ನು ಶೋಕಿಯೆಂದು ತಿಳಿಯುವುದು ತಪ್ಪು. ತೊಡಲಾಗದ ರಕ್ಷಣೆ ರಕ್ಷಣೆಯೇ ಅಲ್ಲ.

ಆಕ್ಷೇಪಗಳು

ಮಾಮೂಲಿ ಕರಿಗಾಜೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ಬಲವಾದ ವಾದ. ಅದರಲ್ಲಿ ಬ್ಯಾಟರಿಯಿಲ್ಲ, ಕೆಡುವ ಭಾಗವಿಲ್ಲ, ಬೆಲೆ ಕಡಿಮೆ. ಒಂದೇ ಆಂಪಿಯರಿನಲ್ಲಿ ಗಂಟೆಗಟ್ಟಲೆ ಉದ್ದನೆಯ ಬೆಸುಗೆ ಹಾಕುವ ಭಾರಿ ಕೆಲಸಕ್ಕೆ ಅದು ಇಂದಿಗೂ ತಕ್ಕ ಸಾಧನ. ಅಲ್ಲಿ ಆಟೋ ಡಾರ್ಕ್‌ಗೆ ಹಣ ಹಾಕಲೇಬೇಕೆಂದಿಲ್ಲ. ಆದರೆ ಸಣ್ಣ ಅಂಗಡಿಗಳ ಕೆಲಸ ಹಾಗಿಲ್ಲ. ಅಲ್ಲಿ ಚೌಕಟ್ಟು ಹಿಡಿದು, ಮೂಲೆ ನೋಡಿ, ಟ್ಯಾಕ್ ಹಾಕಿ, ಮತ್ತೆ ನೋಡಿ, ಮತ್ತೆ ಟ್ಯಾಕ್ ಹಾಕುವುದೇ ಹೆಚ್ಚು. 10ನೇ ಷೇಡಿನ ಸ್ಥಿರ ಗಾಜಿನೊಳಗಿಂದ ಆರ್ಕ್ ಹೊತ್ತುವ ಮೊದಲು ಏನೂ ಕಾಣುವುದಿಲ್ಲ. ಕೈಯಲ್ಲಿ ಹಿಡಿಯುವ ಶೀಲ್ಡ್ ಒಂದು ಕೈಯನ್ನು ಕಟ್ಟಿಹಾಕುತ್ತದೆ. ಹಾಗಾಗಿ ವೆಲ್ಡರ್ ಶೀಲ್ಡ್ ಕೆಳಗಿಟ್ಟು, ಕಣ್ಣು ಮುಚ್ಚಿ ಟ್ಯಾಕ್ ಹಾಕುತ್ತಾನೆ. ಕರಿಗಾಜು ಕೆಡುವುದಿಲ್ಲ, ನಿಜ. ಬಳಕೆಯಲ್ಲಿಲ್ಲದ ಕರಿಗಾಜು ಕಾಯುವುದೂ ಇಲ್ಲ. ಅನುಭವಿಗಳಿಗೆ ಕಣ್ಣು ಮುಚ್ಚುವ ಅಂದಾಜು ಗೊತ್ತಿರುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಆರ್ಕ್ ಹೊತ್ತುವ ಕ್ಷಣಕ್ಕಿಂತ ಒಂದಿಷ್ಟು ತಡವಾಗಿ ರೆಪ್ಪೆ ಮುಚ್ಚಿದರೂ ಕಿರಣ ಒಳಹೋಗಿರುತ್ತದೆ, ಮುಚ್ಚಿದ ರೆಪ್ಪೆಯ ಮತ್ತು ಮುಖದ ಚರ್ಮಕ್ಕೆ ಸುಡುವಿಕೆ ತಪ್ಪುವುದೂ ಇಲ್ಲ. ಇನ್ನು ಖರ್ಚಿನ ಆಕ್ಷೇಪ. ಫ್ಲ್ಯಾಶ್ ಹೊಡೆದ ದಿನದ ಮಾರನೆಯ ದಿನ ಕೆಲಸವಿಲ್ಲ. ದಿನಗೂಲಿಯಲ್ಲಿ ದುಡಿಯುವವರಿಗೆ ಅದು ನೇರ ನಷ್ಟ. ಸಾಧಾರಣ ಬೆಲೆಯ, ಆದರೆ ಪರೀಕ್ಷಿತವಾದ ಹೆಲ್ಮೆಟ್ಟಿನ ದುಡ್ಡು ಅಂಥ ಕೆಲವೇ ದಿನಗಳ ಕೂಲಿಗೆ ಸಮ. 1948ರ ಕಾರ್ಖಾನೆಗಳ ಕಾಯ್ದೆಯ 35ನೇ ಕಲಂ ಅತಿಯಾದ ಬೆಳಕಿಗೆ ಕಣ್ಣೊಡ್ಡುವ ಕೆಲಸಗಳಲ್ಲಿ ಪರದೆಯನ್ನೋ ತಕ್ಕ ಕನ್ನಡಕವನ್ನೋ ಒದಗಿಸುವಂತೆ ನಿಯಮ ಮಾಡಲು ರಾಜ್ಯ ಸರ್ಕಾರಗಳಿಗೆ ಅವಕಾಶ ಕೊಟ್ಟಿತ್ತು. ಆದರೆ ನಾಲ್ಕೈದು ಜನ ದುಡಿಯುವ ರಸ್ತೆ ಬದಿಯ ಅಂಗಡಿ ಕಾರ್ಖಾನೆಯ ವ್ಯಾಖ್ಯೆಗೇ ಸಾಮಾನ್ಯವಾಗಿ ಬರುತ್ತಿರಲಿಲ್ಲ. ಅಂಥಲ್ಲಿ ಮಾಲೀಕರ ತಿಳಿವಳಿಕೆಯೇ ಕಾನೂನಿನ ಜಾಗದಲ್ಲಿ ನಿಲ್ಲಬೇಕಾಗುತ್ತದೆ.

ಬಳಕೆ ಮತ್ತು ನಿರ್ವಹಣೆ

ಹೊರಹಾಳೆ ಕಿಡಿ ಬಿದ್ದು ಕಲೆಯಾದೊಡನೆ ಬದಲಾಯಿಸಬೇಕು. ಮಬ್ಬಾದ ಹಾಳೆಯೊಳಗಿಂದ ನೋಡುವವರು ಮುಖವನ್ನು ಆರ್ಕ್‌ಗೆ ಹತ್ತಿರ ತರುತ್ತಾರೆ, ಹೊಗೆ ಹೆಚ್ಚು ಸೇವಿಸುತ್ತಾರೆ, ಷೇಡನ್ನು ಬೇಕಾದ್ದಕ್ಕಿಂತ ಇಳಿಸುತ್ತಾರೆ. ಆದ್ದರಿಂದ ಹೆಲ್ಮೆಟ್ ಕೊಳ್ಳುವಾಗಲೇ ಅದರ ಹಾಳೆ ಊರಿನಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ, ಹತ್ತಾರು ಹಾಳೆ ಕೊಂಡಿಡುವುದು ಒಳ್ಳೆಯದು. ಸಂವೇದಕದ ಕಿಂಡಿಗಳನ್ನು ಮೆದು ಬಟ್ಟೆಯಿಂದ ಒರೆಸುತ್ತಿರಬೇಕು. ಬಿದ್ದು ಗಾಜಿನ ಜೋಡಣೆ ಬಿರುಕು ಬಿಟ್ಟರೆ, ಅದು ಇನ್ನೂ ಕಪ್ಪಾಗುತ್ತಿದ್ದರೂ, ಬಳಸಬಾರದು. ಬಿರುಕು ಬಿಟ್ಟ ಜಾಗದಲ್ಲಿ ಲೇಪ ಉಳಿದಿದೆಯೆಂಬ ಖಾತರಿಯಿಲ್ಲ. ಪ್ರತಿದಿನ ಕೆಲಸಕ್ಕೆ ತೊಡಗುವ ಮೊದಲು ಗಾಜು ಕಪ್ಪಾಗುವುದನ್ನು ಪರೀಕ್ಷಿಸಿಕೊಳ್ಳಬೇಕು. ಹೆಲ್ಮೆಟ್ಟಿನ ಒಳಗೆ ಸಾಮಾನ್ಯ ಸುರಕ್ಷಾ ಕನ್ನಡಕ ಇರಬೇಕು. ಕಿಟ್ಟ ಕುಟ್ಟುವಾಗ ಹೆಲ್ಮೆಟ್ ಎತ್ತಿದ ಕ್ಷಣದಲ್ಲಿ ಚೂರು ಹಾರುವುದು ಕಣ್ಣಿಗೇ. ಹೆಲ್ಮೆಟ್ ಹೊಗೆಯನ್ನು ತಡೆಯುವುದಿಲ್ಲ. ಗಾಳಿಯಾಡುವ ಜಾಗ, ಮುಚ್ಚಿದ ಸ್ಥಳದಲ್ಲಿ ತಕ್ಕ ಉಸಿರಾಟದ ರಕ್ಷಣೆ ಬೇರೆಯಾಗಿಯೇ ಬೇಕು.

ಆಯ್ಕೆಯ ಕ್ರಮ

ಮೇಲಿನ ವಿಚಾರಗಳನ್ನು ಮಹತ್ವದ ಕ್ರಮದಲ್ಲಿಟ್ಟರೆ ಹೀಗಾಗುತ್ತದೆ. ಮೊದಲು ನಂಬಬಹುದಾದ ಮಾನಕದ ಗುರುತು ಮತ್ತು ಹೆಸರುಳ್ಳ ತಯಾರಕರು. ಇದಿಲ್ಲದಿದ್ದರೆ ಉಳಿದ ಯಾವ ಗುಣವನ್ನೂ ನೋಡಬೇಕಿಲ್ಲ. ಎರಡನೆಯದು ಮಾಡುವ ಕೆಲಸದ ಆಂಪಿಯರಿಗೆ ಹೊಂದುವ ಷೇಡ್ ಮತ್ತು ಸಂವೇದಕ. ಮೂರನೆಯದು ತಿಳಿ ಸ್ಥಿತಿಯ ಸ್ಪಷ್ಟತೆ, ತಲೆಪಟ್ಟಿಯ ಹಿಡಿತ, ತೂಕ. ನಾಲ್ಕನೆಯದು ಬದಲಾಯಿಸಬಹುದಾದ ಬ್ಯಾಟರಿ ಮತ್ತು ಸುಲಭವಾಗಿ ಸಿಗುವ ಹೊರಹಾಳೆ. ವೇಗದ ಅಂಕಿ, ನೋಟದ ಕಿಟಕಿಯ ದೊಡ್ಡತನ, ಬಣ್ಣದ ಚಿತ್ತಾರ ಇವೆಲ್ಲದರ ನಂತರ. ಕೊನೆಯದಾಗಿ, ಎಲ್ಲ ಅಂಗಡಿಗಳಲ್ಲೂ ಮರೆತುಹೋಗುವ ಒಬ್ಬರಿದ್ದಾರೆ: ಚೌಕಟ್ಟು ಹಿಡಿದು ನಿಲ್ಲುವ ಸಹಾಯಕ. ಆರ್ಕ್‌ನಿಂದ ಒಂದೆರಡು ಅಡಿ ದೂರದಲ್ಲಿ ಬರಿಗಣ್ಣಿನಲ್ಲಿ ನಿಂತ, ಹಲವು ಸಲ ಇನ್ನೂ ಕಸುಬು ಕಲಿಯುತ್ತಿರುವ ಆ ಹುಡುಗನ ಕಣ್ಣಿಗೆ ಬೀಳುವ ಕಿರಣ ವೆಲ್ಡರ್‌ನ ಕಣ್ಣಿಗೆ ಬೀಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೈಯಲ್ಲಿರುವ ಹಣ ಒಂದು ದುಬಾರಿ ಹೆಲ್ಮೆಟ್ಟಿಗೆ ಅಥವಾ ಎರಡು ಸಾಧಾರಣ, ಪರೀಕ್ಷಿತ ಹೆಲ್ಮೆಟ್ಟುಗಳಿಗೆ ಸಾಲುವಂತಿದ್ದರೆ, ಎರಡನ್ನು ಕೊಳ್ಳುವುದೇ ಸರಿಯಾದ ಆಯ್ಕೆ.